ಬೀದರ್ ಆಕಾಶದ ಸದ್ದು: ಎಚ್‌ಟಿ-2ರಿಂದ ಮನೆಯ ಕಂಪ್ಯೂಟರ್‌ವರೆಗೆ

ಬೀದರ್, ಭಾಲ್ಕಿ, ಔರಾದ್ ಕಡೆಯವರಿಗೆ ವಿಮಾನ ಹೊಸದಲ್ಲ. ಹತ್ತಿದವರು ಕಡಿಮೆ, ಸದ್ದು ಕೇಳದವರು ಇಲ್ಲವೇ ಇಲ್ಲ. ತೊಗರಿ ಹೊಲದಲ್ಲಿ ಕಳೆ ತೆಗೆಯುವಾಗ, ಶಾಲೆಯಲ್ಲಿ ಮಗ್ಗಿ ಹೇಳುವಾಗ ಮೇಲೆ ಗುಡುಗಿದಂತಾದರೆ ಎಲ್ಲರ ಕತ್ತೂ ಮೇಲೆ. "ಇಮಾನ ಹೊಂಟದ ನೋಡು" ಅನ್ನುವಷ್ಟರಲ್ಲಿ ಅದು ಊರು ದಾಟಿರುತ್ತದೆ.

ಸದ್ದು ಬಂದ ಕಡೆ ನೋಡಿದರೆ ವಿಮಾನ ಅಲ್ಲಿ ಇರುವುದಿಲ್ಲ. ಇನ್ನೂ ಮುಂದೆ ಹುಡುಕಬೇಕು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವಿಮಾನ 3.4 ಕಿ.ಮೀ. ದೂರದಲ್ಲಿದ್ದರೆ ಅದರ ಸದ್ದು ನಮ್ಮ ಕಿವಿಗೆ ಬರಲು 10 ಸೆಕೆಂಡ್ ಬೇಕು. ಗಂಟೆಗೆ 700 ಕಿ.ಮೀ. ವೇಗದ ಜೆಟ್ ಅಷ್ಟರಲ್ಲಿ ಸುಮಾರು 2 ಕಿ.ಮೀ. ಮುಂದೆ ಹೋಗಿರುತ್ತದೆ.

ನಮ್ಮ ಹೊಲದಲ್ಲಿ ಪುಕ್ಕಟೆ ಕೇಳುವ ಈ ಸದ್ದನ್ನು ಪ್ರಪಂಚದ ಬೇರೆ ಕಡೆ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಪ್ರೋಗ್ರಾಂಗೆ ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಅದರೊಳಗಿನ ವಿಮಾನಕ್ಕೆ ನಿಜವಾದ ಎಂಜಿನ್ ಸದ್ದು ಜೋಡಿಸುವ 'ಸೌಂಡ್ ಪ್ಯಾಕ್'ಗಳದ್ದೇ ಒಂದು ವ್ಯಾಪಾರವಿದೆ. ಆ ಕಥೆ ಓದುತ್ತಾ ಹೋದಾಗ ನಮಗೆ ನಮ್ಮ ಜಿಲ್ಲೆಯ ಕಥೆ ನೆನಪಾಯಿತು.

ಬೀದರ್ ಕೇಳಿದ ಎಂಜಿನ್‌ಗಳು

ಬೀದರ್ ವಾಯುನೆಲೆ ತರಬೇತಿಯ ನೆಲೆ. 1960ರ ದಶಕದಲ್ಲಿ ಇಲ್ಲಿಗೆ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆ ಬಂತು. ಹೊಸ ಹುಡುಗರು ಕಲಿಯುತ್ತಿದ್ದದ್ದು ಎಚ್‌ಟಿ-2 ಎಂಬ ಸಣ್ಣ ವಿಮಾನದಲ್ಲಿ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಇದು 1951ರಲ್ಲಿ ಮೊದಲ ಸಲ ಹಾರಿತ್ತು. ಮುಂದೆ ಒಂದು ಪಂಖ, 155 ಅಶ್ವಶಕ್ತಿಯ ಪಿಸ್ಟನ್ ಎಂಜಿನ್. ಇವತ್ತಿನ ಹಲವು ಟ್ರ್ಯಾಕ್ಟರ್‌ಗಳಂತೆ ಅದಕ್ಕೂ ನಾಲ್ಕೇ ಸಿಲಿಂಡರ್. ಜೆಟ್ಟಿನ ಗುಡುಗಲ್ಲ, ಬಿಟ್ಟೂ ಬಿಡದ ಗುರುಗುಟ್ಟುವಿಕೆ.

ನಾವು ಶಾಲೆಗೆ ಹೋಗುತ್ತಿದ್ದ 90ರ ದಶಕದಲ್ಲಿ ಸದ್ದು ಬೇರೆಯಾಗಿತ್ತು. 1996ರಲ್ಲಿ ಬೀದರ್‌ನಲ್ಲಿ ಸೂರ್ಯಕಿರಣ್ ತಂಡ ಹುಟ್ಟಿತು. ಕಿರಣ್ ಮಾರ್ಕ್-2 ಜೆಟ್‌ಗಳು, ಒಟ್ಟಿಗೆ ಒಂಬತ್ತು. ಕಿರಣ್ ಕೂಡ ಎಚ್‌ಎಎಲ್‌ನದ್ದೇ, ಮೊದಲ ಹಾರಾಟ 1964ರಲ್ಲಿ. ಮಾರ್ಕ್-2ರ ಎಂಜಿನ್ ಹೆಸರು ಆರ್ಫಿಯಸ್. ಗ್ರೀಕ್ ಪುರಾಣದಲ್ಲಿ ಅದು ಒಬ್ಬ ಗಾಯಕನ ಹೆಸರು! ಒಳಗೆ ಹೋದ ಗಾಳಿಯೆಲ್ಲ ಬೆಂಕಿಯ ಮೂಲಕವೇ ಹಾದು ಹಿಂದೆ ನುಗ್ಗುವ ಟರ್ಬೋಜೆಟ್ ಅದು. ಆ ಬಿಸಿಗಾಳಿ ಹೊರಗಿನ ತಣ್ಣನೆ ಗಾಳಿಗೆ ಬಡಿದಾಗ ಬಟ್ಟೆ ಹರಿದಂಥ ಸದ್ದು. ಒಂಬತ್ತೂ ಒಟ್ಟಿಗೆ ಬಂದರೆ ಮನೆ ಮೇಲಿನ ಪತ್ರಾ ಅದುರುತ್ತಿತ್ತು.

2008ರ ಫೆಬ್ರವರಿಯಲ್ಲಿ ಹಾಕ್ ಮಾರ್ಕ್-132 ಬೀದರ್‌ನಲ್ಲೇ ವಾಯುಪಡೆ ಸೇರಿತು. ಇದರ ಎಂಜಿನ್ ಅಡೂರ್, ಟರ್ಬೋಫ್ಯಾನ್ ಜಾತಿಯದ್ದು. ಒಂದಿಷ್ಟು ಗಾಳಿ ಬೆಂಕಿಗೆ ಹೋಗದೆ ಪಕ್ಕದಿಂದ ಹಾದು ಬಿಸಿಗಾಳಿಯ ಜೊತೆ ಸೇರುತ್ತದೆ. ಹಾಗಾಗಿ ಹರಿತ ಸ್ವಲ್ಪ ಕಡಿಮೆ, ಗಂಟಲು ದಪ್ಪ. 2011ರ ಫೆಬ್ರವರಿಯಲ್ಲಿ ಬೆಂಗಳೂರಿನ ಏರೋ ಇಂಡಿಯಾದ ನಂತರ ಸೂರ್ಯಕಿರಣ್ ತಂಡದ ಕಿರಣ್‌ಗಳು ನಿಂತವು. ತಂಡ ಮತ್ತೆ ಕಟ್ಟಿಕೊಂಡಾಗ ಹಾರಿದ್ದು ಹಾಕ್ ವಿಮಾನಗಳಲ್ಲಿ.

ಈ ಸದ್ದನ್ನು ನಮ್ಮ ಜನ ಬರೀ ಸಂಭ್ರಮದಿಂದ ಕೇಳಿಲ್ಲ. 2006ರ ಮಾರ್ಚ್‌ನಲ್ಲಿ ಬೀದರ್ ಹತ್ತಿರ ಸೂರ್ಯಕಿರಣ್ ವಿಮಾನ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. 2009ರ ಜನವರಿಯಲ್ಲಿ ಮತ್ತೊಬ್ಬರು. ಸದ್ದು ಎಂದಿನಂತೆ ಬರದಿದ್ದರೆ ಇಲ್ಲಿನ ಹಿರಿಯರು ಇವತ್ತಿಗೂ ಅಂಗಳಕ್ಕೆ ಬಂದು ನಿಲ್ಲುತ್ತಾರೆ.

2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ನಾಗರಿಕ ವಿಮಾನ ಶುರುವಾಯಿತು. ಮೊದಲು ಬಂದದ್ದು ಪಂಖದ ಎಟಿಆರ್-72, 2022ರಿಂದ ಎಂಬ್ರೇಯರ್ ಜೆಟ್. ಆ ಸೇವೆ ನಿಂತು ಮತ್ತೆ ಶುರುವಾದದ್ದನ್ನೂ ನೋಡಿದ್ದೇವೆ. ಹೀಗೆ ಒಂದೇ ಊರಿನ ಮೇಲೆ ಐದು ಬಗೆಯ ಸದ್ದು.

ನಕಲಿ ವಿಮಾನ ಹುಟ್ಟಿದ್ದು ವಾದ್ಯದ ಕಾರ್ಖಾನೆಯಲ್ಲಿ

ಈಗ ಸಿಮ್ಯುಲೇಟರ್ ಕಥೆಗೆ ಬರೋಣ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಅವರ ತಂದೆಗೆ ಪಿಯಾನೊ, ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆ ಇತ್ತು. ನಮ್ಮ ಭಜನಾ ಮಂಡಳಿಯ ಹಾರ್ಮೋನಿಯಂನಲ್ಲಿ ಗಾಳಿ ಊದುವ ತಿದಿ ಇರುತ್ತದಲ್ಲ, ಆರ್ಗನ್ನಿಗೂ ಅಂಥದ್ದೇ ತಿದಿ ಬೇಕು. 1929ರಲ್ಲಿ ಎಡ್ವಿನ್ ಆ ತಿದಿಗಳ ಮೇಲೆ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಕೂರಿಸಿದರು. ಒಳಗೆ ಕೂತು ಕೋಲು ತಿರುಗಿಸಿದರೆ ತಿದಿ ಉಬ್ಬಿ, ಇಳಿದು ಪೆಟ್ಟಿಗೆ ವಾಲುತ್ತಿತ್ತು. ಮೊದಲು ಇದನ್ನು ಜನ ಆಟಿಕೆ ಅಂದುಕೊಂಡರು. 1934ರಲ್ಲಿ ಅಂಚೆ ಹೊತ್ತು ಹೊರಟ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಸಾಲಾಗಿ ಸತ್ತ ಮೇಲೆ ಸೇನೆ ಇಂಥ 6 ಯಂತ್ರ ಕೊಂಡಿತು.

ಮನೆಗೆ ಸಿಮ್ಯುಲೇಟರ್ ಬಂದದ್ದು ಬ್ರೂಸ್ ಆರ್ಟ್‌ವಿಕ್ ಅವರಿಂದ. 1979ರಲ್ಲಿ ಆ್ಯಪಲ್-2 ಕಂಪ್ಯೂಟರಿಗೆ ಅವರ ಪ್ರೋಗ್ರಾಂ ಬಂತು, 1982ರಲ್ಲಿ ಮೈಕ್ರೋಸಾಫ್ಟ್ ಹೆಸರಲ್ಲಿ ಐಬಿಎಂ ಪಿಸಿಗೆ. ಆಗಿನ ಪಿಸಿಯ ಸಣ್ಣ ಸ್ಪೀಕರಿಗೆ ಕೀಚ್ ಕೀಚ್ ಅನ್ನುವುದಷ್ಟೇ ಗೊತ್ತು. ಮುಂದೆ ಸೌಂಡ್ ಕಾರ್ಡ್ ಬಂದು, ನಿಜವಾದ ಧ್ವನಿ ಮುದ್ರಣ ಕೇಳಿಸುವಂತಾಯಿತು.

ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ಪ್ರತಿ ವಿಮಾನಕ್ಕೂ ಒಂದು 'ಸೌಂಡ್' ಫೋಲ್ಡರ್ ಇರುತ್ತಿತ್ತು. ಅದರಲ್ಲಿ ಧ್ವನಿಯ ಫೈಲುಗಳು, ಯಾವುದು ಯಾವಾಗ ಮೊಳಗಬೇಕು ಎಂದು ಬರೆದ ಒಂದು ಪಟ್ಟಿ. ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ವಿಮಾನದ ದನಿಯೇ ಬದಲು. ಹವ್ಯಾಸಿಗಳು ಇದನ್ನು ಹಿಡಿದುಕೊಂಡರು. ಟರ್ಬೈನ್ ಸೌಂಡ್ ಸ್ಟುಡಿಯೋಸ್‌ನಂಥ ತಯಾರಕರು ಬರೀ ಸದ್ದನ್ನೇ ಮಾರತೊಡಗಿದರು.

ಸದ್ದು ಕಟ್ಟುವುದು ಹೇಗೆ?

ಒಂದು ಮೈಕ್ ಸಾಲದು. ಎಂಜಿನ್ ಬಾಯಿಯ ಮುಂದೆ ನಿಂತರೆ ಕೇಳುವುದು ತಿರುಗುವ ಅಲಗುಗಳ ಸಿಳ್ಳೆ. ಹಿಂದೆ ನಿಂತರೆ ಬಿಸಿಗಾಳಿಯ ಗುಡುಗು. ಪೈಲಟ್ ಕೂತಲ್ಲಿ ಇವೆರಡಕ್ಕಿಂತ ಗಾಳಿ ಉಜ್ಜುವ ಸದ್ದು, ಸ್ವಿಚ್ಚಿನ ಟಕ್, ಚಕ್ರ ಇಳಿದಾಗಿನ ಧಡ್. ಹೀಗಾಗಿ ಒಳಗೂ ಹೊರಗೂ ಬೇರೆ ಬೇರೆ ಮೈಕ್ ಇಟ್ಟು ಮುದ್ರಿಸುತ್ತಾರೆ.

ಎಂಜಿನ್ ನಿಧಾನಕ್ಕೆ ತಿರುಗುವಾಗ, ಅರ್ಧ ವೇಗದಲ್ಲಿ, ಪೂರ್ತಿ ವೇಗದಲ್ಲಿ ಒಂದೊಂದು ತುಣುಕು. ಪ್ರತಿ ತುಣುಕಿನ ತುದಿಯನ್ನು ಮೊದಲಿಗೆ ಸೇರಿಸಿ ಬಳೆಯ ಹಾಗೆ ಮಾಡುತ್ತಾರೆ. ಬೆಸುಗೆ ಕೇಳಿಸಬಾರದು. ಥ್ರಾಟಲ್ ಏರಿಸಿದಂತೆ ಒಂದು ತುಣುಕು ಸಣ್ಣಗಾಗುತ್ತಾ ಇನ್ನೊಂದು ದೊಡ್ಡದಾಗಬೇಕು. ಹತ್ತಿರ ಬರುವಾಗ ಸ್ವರ ಏರಬೇಕು, ದಾಟಿದ ಮೇಲೆ ಇಳಿಯಬೇಕು. ಭಾಲ್ಕಿ ಸ್ಟೇಷನ್ನಿನಲ್ಲಿ ನಿಲ್ಲದ ರೈಲು ಹಾರ್ನ್ ಹೊಡೆಯುತ್ತಾ ಹೋದಾಗ ಕೇಳುತ್ತೀರಲ್ಲ, ಅದೇ ಡಾಪ್ಲರ್ ಪರಿಣಾಮ.

ಇದೆಲ್ಲ ಆಟಕ್ಕೆ ಮಾತ್ರವಲ್ಲ. ಪೈಲಟ್ ಕಿವಿಯಿಂದಲೂ ಹಾರಿಸುತ್ತಾನೆ. ಮುಳ್ಳು ನೋಡುವ ಮೊದಲೇ ಎಂಜಿನ್ ದನಿ ಬದಲಾದದ್ದು ಅವನಿಗೆ ಗೊತ್ತಾಗುತ್ತದೆ. ಬೋರ್‌ವೆಲ್ ಮೋಟಾರಿಗೆ ನೀರು ಸಿಗುತ್ತಿಲ್ಲ ಎಂದು ನಮ್ಮ ರೈತ ಮಲಗಿದಲ್ಲೇ ಹೇಳುವ ಹಾಗೆ.

ಉಳಿಯುವುದು ಯಾವ ಸದ್ದು?

ಸೌಂಡ್ ಪ್ಯಾಕ್‌ಗಳಲ್ಲಿ ಹೆಚ್ಚು ಬೇಡಿಕೆ ಬೋಯಿಂಗ್ 737, ಏರ್‌ಬಸ್ ಎ320ರಂಥವಕ್ಕೆ. ಹಾಕ್ ಕೂಡ ಸಿಗುತ್ತದೆ, ಆದರೆ ಅದು ಜಸ್ಟ್ ಫ್ಲೈಟ್ ಕಂಪನಿ ಮಾಡಿದ ಬ್ರಿಟನ್ನಿನ ಹಾಕ್ ಟಿ-1. ಅದರ ಅಡೂರ್ ಎಂಜಿನ್ ನಮ್ಮ ಹಾಕ್‌ನದಕ್ಕಿಂತ ಹಳೆಯ ಮಾದರಿ. ದಾಯಾದಿಯ ದನಿ, ನಮ್ಮದಲ್ಲ.

ಬೀದರ್ ಕೋಟೆಯ ಕಲ್ಲಿಗೆ ಕಾವಲಿದೆ, ಗವಾನ್ ಮದರಸಾದ ಗೋಡೆಗೆ ಫಲಕವಿದೆ. ಎಚ್‌ಟಿ-2 ವಿಮಾನ ಮ್ಯೂಸಿಯಂನಲ್ಲಿ ನೋಡಲು ಸಿಗುತ್ತದೆ. ಆದರೆ ಅದು ಬೀದರ್ ಮೇಲೆ ಹಾರಿದಾಗ ಹೇಗೆ ಕೇಳುತ್ತಿತ್ತು ಎಂಬುದು ನಮ್ಮ ಅಜ್ಜ, ಅಜ್ಜಿಯರ ಕಿವಿಯಲ್ಲಿ ಮಾತ್ರ ಇದೆ. ಅವರು ಹೋದರೆ ಅದೂ ಹೋಯಿತು. ನಾಳೆ ಹಾಕ್‌ಗೂ ಇದೇ ಗತಿ.

ಇದಕ್ಕೆ ವಾಯುನೆಲೆಯ ಹತ್ತಿರ ಹೋಗಬೇಕಿಲ್ಲ. ಹೋಗಲೂಬಾರದು, ಅದು ರಕ್ಷಣಾ ಜಾಗ. ಮನೆಯಲ್ಲೇ ಕೂತು, ಕೈಯಲ್ಲಿರುವ ಫೋನಿನ ರೆಕಾರ್ಡರ್ ಒತ್ತಿ, ಹಿರಿಯರನ್ನು ಕೇಳಿ: "ಮುತ್ಯಾ, ನೀ ಸಣ್ಣಾಂವ ಇದ್ದಾಗ ಇಮಾನ ಹ್ಯಾಂಗ ಒದರ್ತಿತ್ತು?" ಅವರು ಬಾಯಲ್ಲೇ ಮಾಡಿ ತೋರಿಸುತ್ತಾರೆ. ಅದು ಯಾವ ಸೌಂಡ್ ಪ್ಯಾಕಿನಲ್ಲೂ ಸಿಗುವುದಿಲ್ಲ.