ಸರಾಸರಿಗೆ ತೆರಬೇಕಾದ ಬೆಲೆ

ಹೋರಿ ಹಾಲು ಕೊಡುವುದಿಲ್ಲ. ಆದರೂ ಹೈನುರಾಸುಗಳ ತಳಿ ಸುಧಾರಿಸಬೇಕಾದರೆ ಯಾವ ಹೋರಿ ಒಳ್ಳೆಯದೆಂದು ತಿಳಿಯಲೇಬೇಕು. ಅದಕ್ಕಾಗಿ ಅದರ ಹೆಣ್ಣುಕರುಗಳು ಬೆಳೆದು ಹಸುಗಳಾದ ಮೇಲೆ ಕೊಡುವ ಹಾಲನ್ನು ಅಳೆಯುತ್ತಾರೆ. ಹಾಲು ಹಸುವಿನಿಂದ ಹಸುವಿಗೆ ಹೆಚ್ಚುಕಡಿಮೆಯಾಗುತ್ತದೆ. ಈ ಏರುಪೇರಿನಲ್ಲಿ ವಂಶದ ಪಾಲೆಷ್ಟು? ಮೇವು, ಹವೆ, ಆರೈಕೆಗಳ ಪಾಲೆಷ್ಟು? ಲೆಕ್ಕ ತಪ್ಪಿದರೆ ತಪ್ಪು ಹೋರಿ ಆಯ್ಕೆಯಾದೀತು. ಅದರ ಫಲವನ್ನು ಮುಂದಿನ ಪೀಳಿಗೆಗಳು ಉಣ್ಣಬೇಕಾದೀತು.

ಏರುಪೇರಿನ ಅಳತೆಗೆ ‘ವೇರಿಯನ್ಸ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಆರ್. ಎ. ಫಿಷರ್. ಬಂಧುಗಳ ನಡುವಿನ ಹೋಲಿಕೆಯನ್ನು ಮೆಂಡೆಲನ ನಿಯಮಗಳಿಂದ ವಿವರಿಸಿದ 1918ರ ಪ್ರಬಂಧದಲ್ಲಿ, ವೇರಿಯನ್ಸನ್ನು ಅದರ ಕಾರಣಗಳಿಗೆ ಹಂಚಬಹುದೆಂದು ಅವರು ತೋರಿಸಿದರು. 1922ರಲ್ಲಿ ‘ಗರಿಷ್ಠ ಸಂಭವನೀಯತೆ’ಯ ವಿಧಾನವನ್ನು ರೂಪಿಸಿದರು. ನಮ್ಮ ಮುಂದಿರುವ ಅಂಕಿಗಳು ದೊರೆಯುವ ಸಂಭವ ಯಾವ ಬೆಲೆಗೆ ಅತಿ ಹೆಚ್ಚೋ, ಅದನ್ನೇ ಅಂದಾಜೆಂದು ಸ್ವೀಕರಿಸುವುದು ಇದರ ತಿರುಳು.

ಇಲ್ಲೊಂದು ತೊಡಕಿದೆ. ಮೂರು ಹಸುಗಳು 4, 6, 8 ಲೀಟರ್ ಹಾಲು ಕೊಟ್ಟವೆನ್ನಿ. ಸರಾಸರಿ 6. ಸರಾಸರಿಯಿಂದ ಇರುವ ವ್ಯತ್ಯಾಸಗಳ ವರ್ಗಗಳ ಮೊತ್ತ 8. ಗರಿಷ್ಠ ಸಂಭವನೀಯತೆಯ ವಿಧಾನ ಇದನ್ನು 3ರಿಂದ ಭಾಗಿಸಿ 2.67 ಎನ್ನುತ್ತದೆ. ಆದರೆ ಸರಾಸರಿಯನ್ನೂ ಇದೇ ಅಂಕಿಗಳಿಂದ ಪಡೆದಿದ್ದೇವೆ. ಸರಾಸರಿ ಮತ್ತು ಎರಡು ಅಂಕಿಗಳು ತಿಳಿದರೆ ಮೂರನೆಯದು ತಾನಾಗಿಯೇ ತಿಳಿಯುತ್ತದೆ. ಸ್ವತಂತ್ರ ಮಾಹಿತಿ ಉಳಿದಿರುವುದು ಎರಡೇ. 2ರಿಂದ ಭಾಗಿಸಿದರೆ ಉತ್ತರ 4. ಹಿಂಡಿಗೊಂದು, ಋತುವಿಗೊಂದು ಸರಾಸರಿಯನ್ನು ಕಂಡುಹಿಡಿಯುತ್ತ ಹೋದರೆ ಈ ನಷ್ಟವೂ ಬೆಳೆಯುತ್ತದೆ. ಜೋಡಿ ಜೋಡಿಯಾಗಿ ಅಳತೆ ಮಾಡಿ, ಪ್ರತಿ ಜೋಡಿಗೂ ಬೇರೆ ಸರಾಸರಿ ಇಟ್ಟರೆ, ಜೋಡಿಗಳು ಎಷ್ಟೇ ಹೆಚ್ಚಿದರೂ ಅಂದಾಜು ನಿಜ ಬೆಲೆಯ ಅರ್ಧದ ಬಳಿಯೇ ನಿಲ್ಲುತ್ತದೆ. ಇದನ್ನು ನೇಮನ್ ಮತ್ತು ಸ್ಕಾಟ್ 1948ರಲ್ಲಿ ತೋರಿಸಿದರು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹೈನುರಾಸುಗಳ ಅಧ್ಯಯನ ನಡೆಸಿದ ಸಿ. ಆರ್. ಹೆಂಡರ್ಸನ್, ಸಮತೂಕವಿಲ್ಲದ ಅಂಕಿಗಳಿಂದ ವೇರಿಯನ್ಸಿನ ಪಾಲುಗಳನ್ನು ಬಿಡಿಸುವ ಮೂರು ವಿಧಾನಗಳನ್ನು 1953ರಲ್ಲಿ ಕೊಟ್ಟರು. 1967ರಲ್ಲಿ ಹಾರ್ಟ್ಲಿ ಮತ್ತು ಜೆ. ಎನ್. ಕೆ. ರಾವ್ ಅವರು ಗರಿಷ್ಠ ಸಂಭವನೀಯತೆಯನ್ನು ಇಂಥ ಮಿಶ್ರ ಮಾದರಿಗಳಿಗೆ ಅಳವಡಿಸಿದರು. ಹಳೆಯ ತೊಡಕು ಉಳಿದೇ ಇತ್ತು.

1971ರಲ್ಲಿ ಎಡಿನ್‌ಬರೋದ ಪ್ಯಾಟರ್ಸನ್ ಮತ್ತು ಥಾಮ್ಸನ್ ದಾರಿ ತೋರಿದರು. 6ರಲ್ಲಿ 4 ಕಳೆದರೆ 2. ಎಲ್ಲ ಹಸುಗಳ ಹಾಲೂ ಹತ್ತು ಲೀಟರ್ ಹೆಚ್ಚಿದರೂ ಈ 2 ಬದಲಾಗದು. ಹೀಗೆ ಸರಾಸರಿಗಳ ಸೋಂಕಿಲ್ಲದ ವ್ಯತ್ಯಾಸಗಳನ್ನು ಮಾತ್ರ ಆಯ್ದು, ಅವುಗಳ ಸಂಭವನೀಯತೆಯನ್ನು ಗರಿಷ್ಠಗೊಳಿಸುವುದೇ ನಿರ್ಬಂಧಿತ ಗರಿಷ್ಠ ಸಂಭವನೀಯತೆ, ಅಂದರೆ ‘ರೆಮ್ಲ್’.

ಇದೇ ವರ್ಷಗಳಲ್ಲಿ, ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಬೇರೊಂದು ದಾರಿಯಿಂದ ಹೊರಟು ‘ಮಿಂಕ್ಯೂ’ ಎಂಬ ವಿಧಾನವನ್ನು ರಚಿಸಿದರು. ಅದನ್ನು ಮತ್ತೆ ಮತ್ತೆ ಬಳಸುತ್ತ ಹೋದರೆ ರೆಮ್ಲ್‌ನ ಸಮೀಕರಣಗಳನ್ನೇ ಮುಟ್ಟುತ್ತೇವೆ!

ರೆಮ್ಲ್‌ನಿಂದಲೂ ಒಂದು ಎಚ್ಚರಿಕೆ ಬೇಕು. ಸರಾಸರಿಗಳ ರಚನೆಯೇ ಬೇರೆಯಾದ ಎರಡು ಮಾದರಿಗಳನ್ನು ಅದರ ಸಂಭವನೀಯತೆಯಿಂದ ಹೋಲಿಸಬಾರದು. ಅಲ್ಲಿ ಎರಡೂ ಒಂದೇ ವ್ಯತ್ಯಾಸಗಳನ್ನು ನೋಡುತ್ತಿರುವುದಿಲ್ಲ.

ಎಷ್ಟೋ ಕ್ಯಾಲ್ಕುಲೇಟರುಗಳಲ್ಲಿ ಮಾನಕ ವಿಚಲನೆಗೆ ಎರಡು ಗುಂಡಿಗಳಿರುತ್ತವೆ. ಒಂದು ಅಂಕಿಗಳ ಸಂಖ್ಯೆಯಿಂದ ಭಾಗಿಸುತ್ತದೆ, ಇನ್ನೊಂದು ಅದಕ್ಕಿಂತ ಒಂದು ಕಡಿಮೆಯಿಂದ. ಆ ‘ಒಂದು ಕಡಿಮೆ’ಯನ್ನು ನೂರಾರು ಸರಾಸರಿಗಳಿರುವ ಲೆಕ್ಕಕ್ಕೂ ಕೊಂಡೊಯ್ದದ್ದೇ ರೆಮ್ಲ್. 4, 6, 8ನ್ನು ಹಾಕಿ ಎರಡೂ ಗುಂಡಿಗಳನ್ನು ಒತ್ತಿ ನೋಡಿ. ಬಂದ ಉತ್ತರಗಳನ್ನು ವರ್ಗ ಮಾಡಿ.