200 ಬಾರ್ ಗಾಳಿ, ಹತ್ತು ರೂಪಾಯಿ ರಬ್ಬರ್: ದುಬಾರಿ ಏರ್ ರೈಫಲ್ ಎಲ್ಲಿ, ಯಾಕೆ ಕೈಕೊಡುತ್ತೆ?

ಹೋದ ಬೇಸಿಗೆಯಲ್ಲಿ ಉಡಿಗಾಲಕ್ಕೆ ಹೋಗಿದ್ದಾಗ ಅಕ್ಕನ ಮಗಳು ಒಂದು ಉದ್ದನೆಯ ಪೆಟ್ಟಿಗೆ ತಂದು ಜಗಲಿ ಮೇಲಿಟ್ಟಳು. ಒಳಗಿದ್ದದ್ದು 10 ಮೀಟರ್ ಸ್ಪರ್ಧೆಯ ಏರ್ ರೈಫಲ್. ವಿದೇಶದ್ದು, ಸೆಕೆಂಡ್ ಹ್ಯಾಂಡು. ಅರಿಶಿನ ಮಾರಿದ ದುಡ್ಡಿಗೆ ಸಂಘದ ಸಾಲ ಸೇರಿಸಿ ಕೊಂಡದ್ದು. "ಮಾವ, ರಾತ್ರಿ ಗಾಳಿ ತುಂಬ್ಸಿ ಮಡುಗಿದ್ರ ಬೆಳಗ್ಗೆ ಹೊತ್ಗ ಇಳ್ದೋಗ್ಬುಡ್ತದ" ಅಂದಳು. ಮಾರಿದವರು ಫೋನ್ ಎತ್ತುತ್ತಿರಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಕರ್ತನಾದ ನನ್ನ ಡಿಗ್ರಿಗೆ ಬಹಳ ದಿನಗಳ ಮೇಲೆ ಕೆಲಸ ಬಂತು.

ಇಂಥ ರೈಫಲ್ ಕೊಳ್ಳೋಕೆ ಹೊರಟ ಹಳ್ಳಿ, ಸಣ್ಣ ಪಟ್ಟಣದ ಹುಡುಗ ಹುಡುಗಿಯರಿಗೆ ಉಪಯೋಗಕ್ಕೆ ಬರಲಿ ಅಂತ ಅವತ್ತು ಬಿಚ್ಚಿ ನೋಡಿ ಅರ್ಥವಾದದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಕಂಪನಿಯದ್ದು ಅಂತ ಹೇಳಲ್ಲ. ತಪ್ಪು ಕಂಪನಿಯದ್ದಕ್ಕಿಂತ ವಯಸ್ಸಿನದ್ದು, ಧೂಳಿನದ್ದು, ಮತ್ತು ನಮ್ಮ ವ್ಯವಸ್ಥೆಯದ್ದು.

ಇದು ಎಂಥ ಯಂತ್ರ?

ಜಾತ್ರೆಯಲ್ಲಿ ಬಲೂನ್ ಒಡೆಯುವ ಗನ್‌ನಲ್ಲಿ ಸ್ಪ್ರಿಂಗ್ ಮತ್ತು ಪಿಸ್ಟನ್ ಇರುತ್ತೆ. ನಳಿಗೆ ಮಡಚಿದಾಗ ಸ್ಪ್ರಿಂಗ್ ಕುಗ್ಗುತ್ತೆ, ಕುದುರೆ ಎಳೆದಾಗ ಪಿಸ್ಟನ್ ಮುಂದಕ್ಕೆ ನುಗ್ಗಿ ಗಾಳಿಯನ್ನು ಒತ್ತುತ್ತೆ. ಸ್ಪರ್ಧೆಯ ರೈಫಲ್ ಬೇರೆ. ಅದರಲ್ಲಿ ಮೊದಲೇ ಗಾಳಿ ತುಂಬಿದ ಸಿಲಿಂಡರ್ ಇರುತ್ತೆ, ಸಾಮಾನ್ಯವಾಗಿ 200 ಬಾರ್. ಕಾರಿನ ಟಯರ್‌ನಲ್ಲಿರೋದು ಸುಮಾರು 2 ಬಾರ್, ಅಂದರೆ ಅದರ ನೂರು ಪಟ್ಟು. ರೆಗ್ಯುಲೇಟರ್ ಅನ್ನೋ ಭಾಗ ಈ ಒತ್ತಡವನ್ನು 100 ಬಾರ್‌ಗಿಂತ ಕೆಳಗೆ ಇಳಿಸಿ ಒಂದು ಸಣ್ಣ ಕೋಣೆಯಲ್ಲಿ ಇಡುತ್ತೆ. ಕುದುರೆ ಎಳೆದಾಗ ಸುತ್ತಿಗೆ ಬಂದು ವಾಲ್ವ್‌ಗೆ ಬಡಿಯುತ್ತೆ, ಅಷ್ಟೇ ಗಾಳಿ ಹೊರಗೆ ಬಂದು 4.5 ಮಿಲಿಮೀಟರ್‌ನ ಸೀಸದ ಪೆಲೆಟ್ ಅನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ತಳ್ಳುತ್ತೆ.

ಜರ್ಮನಿಯ ಫೈನ್‌ವರ್ಕ್‌ಬಾವ್, ವಾಲ್ತರ್, ಆನ್‌ಶುಟ್ಸ್, ಆಸ್ಟ್ರಿಯಾದ ಸ್ಟೈಯರ್ ಈ ಮಟ್ಟದ ರೈಫಲ್‌ಗೆ ಹೆಸರಾದವರು. ಹೊಸದು ಬೇಕಂದ್ರೆ ಲಕ್ಷಗಳ ಲೆಕ್ಕ. ಆದರೂ ಇಡೀ ಯಂತ್ರ ನಿಂತಿರೋದು ಕೆಲವು ರಬ್ಬರ್ ಬಳೆಗಳ ಮೇಲೆ.

ಯಾಕೆ ಇಷ್ಟು ನಾಜೂಕು?

ಗುರಿಯ 10ರ ವೃತ್ತದ ವ್ಯಾಸ ಬರೀ ಅರ್ಧ ಮಿಲಿಮೀಟರ್. ಒಂದು ವೃತ್ತದಿಂದ ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್. ಈಗ ಅಂಕಗಳನ್ನು ದಶಮಾಂಶದಲ್ಲಿ ಎಣಿಸುವುದರಿಂದ ಕಾಲು ಮಿಲಿಮೀಟರ್ ಸರಿದರೆ 0.1 ಅಂಕ ಹೋಯ್ತು.

ಎರಡು ಸಣ್ಣ ಲೆಕ್ಕ ನೋಡಿ. ಹಿಂದಿನ ಮತ್ತು ಮುಂದಿನ ಸೈಟ್ ನಡುವೆ 70 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಸೈಟ್ 0.07 ಮಿಲಿಮೀಟರ್ ಅಲುಗಿದರೆ, ಅಂದರೆ ಒಂದು ತಲೆಕೂದಲಿನಷ್ಟು, 10 ಮೀಟರ್ ದೂರದಲ್ಲಿ ಪೆಲೆಟ್ 1 ಮಿಲಿಮೀಟರ್ ಸರಿಯುತ್ತೆ. ಎರಡನೆಯದು, ಪೆಲೆಟ್ ಗುರಿ ಮುಟ್ಟುವಷ್ಟರಲ್ಲಿ ಸುಮಾರು 17 ಮಿಲಿಮೀಟರ್ ಕೆಳಗೆ ಬೀಳುತ್ತೆ. ವೇಗ ಶೇ 2ರಷ್ಟು ಕಡಿಮೆಯಾದರೆ ಇನ್ನೂ 0.7 ಮಿಲಿಮೀಟರ್ ಕೆಳಗೆ. ಅಲ್ಲಿಗೆ ಹತ್ತಿರ ಹತ್ತಿರ 0.3 ಅಂಕ ಖೋತಾ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಫೈನಲ್‌ನಲ್ಲಿ ಮನು ಭಾಕರ್ ಬೆಳ್ಳಿಗೆ ಹೋಗುವ ದಾರಿ ತಪ್ಪಿಸಿಕೊಂಡು ಕಂಚಿಗೆ ನಿಂತದ್ದು ಬರೀ 0.1 ಅಂಕದಲ್ಲಿ.

ಕೈಕೊಡುವ ಜಾಗಗಳು

*ಓ-ರಿಂಗ್.* ಎರಡು ಲೋಹದ ಭಾಗ ಸೇರುವಲ್ಲೆಲ್ಲ ಗಾಳಿ ತಡೆಯೋದು ಇದೇ. ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತೆ, ಒತ್ತಡಕ್ಕೆ ಚಪ್ಪಟೆಯಾಗುತ್ತೆ. ಒಂದು ಮರಳಿನ ಕಣ ಕೂತರೂ ಸಾಕು. ನಮ್ಮ ರೈಫಲ್‌ನಲ್ಲಿ ಸೋರುತ್ತಿದ್ದದ್ದು ಇಲ್ಲೇ. ಸೋಪು ನೀರು ಹಚ್ಚಿದ ತಕ್ಷಣ ಗುಳ್ಳೆ ಕಾಣಿಸಿತು. ಅದೇ ಅಳತೆ, ಅದೇ ಗಡಸುತನದ ಬಳೆ ಹುಡುಕೋಕೆ ಮೈಸೂರಿಗೆ ಹೋಗಬೇಕಾಯ್ತು. ಬೆಲೆ ಹತ್ತು ರೂಪಾಯಿ, ಬಸ್ ಚಾರ್ಜು ಅದಕ್ಕಿಂತ ಜಾಸ್ತಿ.

ಒಂದು ಎಚ್ಚರಿಕೆ. ಮುಳ್ಳು ಇಳಿದ ಮಾತ್ರಕ್ಕೆ ಸೋರಿಕೆ ಅಂದುಕೊಳ್ಳಬೇಡಿ. 35 ಡಿಗ್ರಿ ಮಧ್ಯಾಹ್ನದಲ್ಲಿ ತುಂಬಿದ 200 ಬಾರ್, 20 ಡಿಗ್ರಿಯ ಬೆಳಗಿನ ಜಾವಕ್ಕೆ ತಾನಾಗೇ 190ಕ್ಕೆ ಬರುತ್ತೆ. ಗಾಳಿ ತಣ್ಣಗಾಗಿರುತ್ತೆ ಅಷ್ಟೆ. ಅದಕ್ಕಿಂತ ಕೆಳಗೆ ಹೋದರೆ ಮಾತ್ರ ಯೋಚಿಸಿ.

*ರೆಗ್ಯುಲೇಟರ್.* ಇದರೊಳಗೆ ತಟ್ಟೆಯಾಕಾರದ ಸ್ಪ್ರಿಂಗ್ ವಾಷರ್‌ಗಳ ಸಾಲು, ಒಂದು ಪಿಸ್ಟನ್, ಒಂದು ಸೀಟು ಇರುತ್ತವೆ. ಸೀಟಿನ ಮೇಲೆ ಗೀರು ಬಿದ್ದರೆ, ಕಸ ಕೂತರೆ ಗಾಳಿ ಪೂರ್ತಿ ನಿಲ್ಲಲ್ಲ, ಒಳಕೋಣೆಯ ಒತ್ತಡ ನಿಧಾನಕ್ಕೆ ಏರುತ್ತಾ ಹೋಗುತ್ತೆ. ಲಕ್ಷಣ ಏನು? ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಗುಂಡು ಒಂದು ಕಡೆ, ಆಮೇಲಿನವೆಲ್ಲ ಇನ್ನೊಂದು ಕಡೆ. ಎಷ್ಟೋ ಮಕ್ಕಳು ಇದನ್ನು ತಮ್ಮ ತಪ್ಪು ಅಂದುಕೊಂಡು ತಿಂಗಳುಗಟ್ಟಲೆ ಕೊರಗ್ತಾರೆ.

*ವಾಲ್ವ್ ಮತ್ತು ಸುತ್ತಿಗೆ.* ವಾಲ್ವ್ ತುದಿ ಗಟ್ಟಿ ಪ್ಲಾಸ್ಟಿಕ್‌ನದ್ದು. ಸಾವಿರಾರು ಪೆಟ್ಟು ತಿಂದು ಸವೆಯುತ್ತೆ, ಆಗ ನಳಿಗೆಯ ಕಡೆಯಿಂದಲೇ ಗಾಳಿ ಸೋರುತ್ತೆ. ಸುತ್ತಿಗೆಯ ಸ್ಪ್ರಿಂಗ್ ಸೋತರೆ ವೇಗ ಒಂದೇ ಸಮ ಇರಲ್ಲ.

*ತೇವ.* ಇದು ಹಳ್ಳಿಯವರ ಸಮಸ್ಯೆ. ನಗರದ ರೇಂಜ್‌ನಲ್ಲಿ ಒಣ ಗಾಳಿ ಕೊಡುವ ಕಂಪ್ರೆಸರ್ ಇರಬಹುದು, ಉಡಿಗಾಲದಲ್ಲಿ ಇರೋದು ಕೈಪಂಪು. ಗಾಳಿ ಒತ್ತಿದಂತೆ ಅದರೊಳಗಿನ ತೇವ ನೀರಾಗಿ ಸಿಲಿಂಡರ್ ಒಳಗೇ ಉಳಿಯುತ್ತೆ, ಲೋಹ ತಿನ್ನುತ್ತೆ. ಪಂಪಿಗೆ ಸಿಲಿಕಾ ಜೆಲ್ ಫಿಲ್ಟರ್ ಇರಬೇಕು, ನಡುನಡುವೆ ನಿಲ್ಲಿಸಿ ಪಂಪಿನ ನೀರು ಹೊರಬಿಡಬೇಕು.

*ಟ್ರಿಗರ್, ಲಿವರ್.* 2021ರ ಜುಲೈ 25ರಂದು ಟೋಕಿಯೋದಲ್ಲಿ ಇದೇ ಮನು ಭಾಕರ್ ಅರ್ಹತಾ ಸುತ್ತಿನ ನಡುವೆ ಏರ್ ಪಿಸ್ತೂಲ್ ಹಿಡಿದು ಹೊರಗೆ ಬರಬೇಕಾಯ್ತು. ಕಾಕಿಂಗ್ ಲಿವರ್ ಮುರಿದಿತ್ತು ಅಂತ ತಂಡದವರು ಹೇಳಿದರು. ರಿಪೇರಿಗೆ ಸುಮಾರು 20 ನಿಮಿಷ ಹೋಯ್ತು. ಕೊನೆಗೆ 575 ಅಂಕ, 12ನೇ ಸ್ಥಾನ. ಫೈನಲ್‌ಗೆ ಎರಡು ಅಂಕ ಕಮ್ಮಿ. ಪರಿಣತರು, ಬಿಡಿಭಾಗ ಎಲ್ಲ ಕೈಯಳತೆಯಲ್ಲಿದ್ದ ಒಲಿಂಪಿಯನ್ ಕತೆ ಇದು.

ಮಾಡಲೇಬಾರದ ಕೆಲಸಗಳು

ಗಾಳಿ ತುಂಬಿದ ರೈಫಲ್‌ನ ಯಾವ ಸ್ಕ್ರೂವನ್ನೂ ಬಿಚ್ಚಬೇಡಿ. 200 ಮಿಲಿಲೀಟರ್ ಸಿಲಿಂಡರ್‌ನಲ್ಲಿ 200 ಬಾರ್ ಅಂದರೆ ಒಂದು ಪೆಲೆಟ್‌ಗೆ ಸಿಗುವ ಶಕ್ತಿಯ ಸುಮಾರು ಸಾವಿರ ಪಟ್ಟು ಒಳಗೆ ಕೂತಿದೆ. ಹೊಲಿಗೆ ಮೆಷಿನ್ ಎಣ್ಣೆ, ಎಂಜಿನ್ ಆಯಿಲ್, ಕೊಬ್ಬರಿ ಎಣ್ಣೆ ಹಾಕಬೇಡಿ. ಹೆಚ್ಚಿನ ಒತ್ತಡದ ಗಾಳಿಯಲ್ಲಿ ಎಣ್ಣೆ ಡೀಸೆಲ್ ಎಂಜಿನ್ ಥರ ಹೊತ್ತಿಕೊಳ್ಳಬಹುದು. ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್ ಮಾತ್ರ ಬಳಸಿ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಅಂತೂ ಯಾವತ್ತೂ ಬೇಡ.

ಇನ್ನೊಂದು ಮಾತು. ಆಯುಧ ನಿಯಮ 2016ರ ಪ್ರಕಾರ 4.5 ಮಿಲಿಮೀಟರ್ ಒಳಗಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹಾಗಂತ ಬಂಡೀಪುರದ ಪಕ್ಕದಲ್ಲಿ ಕೂತು ಇದನ್ನು ನವಿಲು, ಮೊಲದ ಕಡೆ ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸುಮ್ಮನಿರಲ್ಲ. ಒತ್ತಡ ಏರಿಸಿ "ಪವರ್ ಜಾಸ್ತಿ" ಮಾಡಿಸಿದರೆ ಲೈಸೆನ್ಸ್ ಮಿತಿಯೂ ದಾಟುತ್ತೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಮೊದಲು ಸಿಲಿಂಡರ್ ಮೇಲೆ ಒತ್ತಿರುವ ದಿನಾಂಕ ನೋಡಿ. ಸ್ಪರ್ಧೆಯ ಸಿಲಿಂಡರ್‌ಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಆಯಸ್ಸು 10 ವರ್ಷ. ಅವಧಿ ಮೀರಿದ್ದನ್ನು ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ ಒಪ್ಪಲ್ಲ. ಆಮೇಲೆ ಗಾಳಿ ತುಂಬಿಸಿ ಒಂದು ರಾತ್ರಿ ಇಟ್ಟು ನೋಡಿ. ಹತ್ತು ಗುಂಡು ಹೊಡೆದು, ಹತ್ತು ನಿಮಿಷ ಬಿಟ್ಟು, ಮತ್ತೆ ಹೊಡೆದು ನೋಡಿ. ಸೈಟ್ ಹಿಡಿದು ಅಲುಗಾಡಿಸಿ. ಸ್ಕ್ರೂ ತಲೆಗಳು ಸವೆದಿದ್ದರೆ ಯಾರೋ ಸರಿಯಾದ ಸಲಕರಣೆ ಇಲ್ಲದೆ ಬಿಚ್ಚಿದ್ದಾರೆ ಅಂತ ಅರ್ಥ. ಬಿಡಿಭಾಗ ಎಲ್ಲಿ ಸಿಗುತ್ತೆ ಅಂತ ದುಡ್ಡು ಕೊಡೋ ಮುಂಚೆನೇ ಕೇಳಿ.

ನಮ್ಮ ಹುಡುಗಿ ಮೊದಲನೆಯದನ್ನೇ ನೋಡಿರಲಿಲ್ಲ. ಸೋರಿಕೆ ನಿಂತು ನಾವು ಖುಷಿಪಡುವ ಹೊತ್ತಿಗೆ ಸಿಲಿಂಡರ್ ಒರೆಸುತ್ತಿದ್ದ ಅವಳೇ ದಿನಾಂಕ ಓದಿದಳು. ಹತ್ತು ವರ್ಷ ಮುಗಿದು ಏಳು ತಿಂಗಳಾಗಿತ್ತು.

ಯಾರ ಜವಾಬ್ದಾರಿ?

ಇಲ್ಲಿ ಕಾನೂನಿನಲ್ಲೇ ಒಂದು ತೂತಿದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸೋದು 500 ಮಿಲಿಲೀಟರ್ ಮೀರಿದ ಸಿಲಿಂಡರ್‌ಗಳಿಗೆ. ರೈಫಲ್‌ನ ಪುಟ್ಟ ಸಿಲಿಂಡರ್ ಆ ಲೆಕ್ಕಕ್ಕೇ ಬರಲ್ಲ. ಹಾಗಾಗಿ ಅವಧಿ ಮುಗಿದದ್ದನ್ನು ಹುಡುಗಿಯೊಬ್ಬಳ ತಲೆಗೆ ಕಟ್ಟೋದು ಸುಲಭ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಅದು ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳನ್ನು. ಕ್ರೀಡಾ ಸಲಕರಣೆ ಪಟ್ಟಿಯಲ್ಲಿಲ್ಲ.

2023ರಲ್ಲಿ ಬೆಂಗಳೂರಿನ ತಿಲೋತ್ತಮಾ ಸೇನ್ 10 ಮೀಟರ್ ಏರ್ ರೈಫಲ್‌ನಲ್ಲಿ ದೇಶಕ್ಕೆ ಪ್ಯಾರಿಸ್ ಕೋಟಾ ಗೆದ್ದುಕೊಟ್ಟಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಹೊಡೆಯಲೇಬೇಕು. ಆದರೆ ಮುಂದಿನವಳು ಚಾಮರಾಜನಗರದಿಂದ ಬರಬೇಕಂದ್ರೆ ಪದಕ ಗೆದ್ದ ಮೇಲೆ ಕೊಡುವ ಬಹುಮಾನ ಸಾಲದು. ಜಿಲ್ಲಾ ಕ್ರೀಡಾಂಗಣದಲ್ಲಿ ಒಂದು ಒಣ ಗಾಳಿಯ ಕಂಪ್ರೆಸರ್, ಒಂದು ಡಬ್ಬಿ ಓ-ರಿಂಗ್, ಬಾಡಿಗೆಗೆ ನಾಲ್ಕು ಚಾಲ್ತಿ ಸಿಲಿಂಡರ್, ಮತ್ತು ತಿಂಗಳಿಗೊಮ್ಮೆ ಬಂದು ನೋಡುವ ಒಬ್ಬ ರಿಪೇರಿಗಾರ. ಇಷ್ಟಕ್ಕೆ ಆಗುವ ಖರ್ಚು ಒಂದು ಸನ್ಮಾನ ಸಮಾರಂಭದ ಶಾಮಿಯಾನಕ್ಕಿಂತ ಬಹಳ ಹೆಚ್ಚೇನಲ್ಲ.

ಹಳೇ ಸಿಲಿಂಡರ್‌ನ ಗಾಳಿ ಪೂರ್ತಿ ಬಿಟ್ಟು ಅಟ್ಟದ ಮೇಲೆ ಇಡಿಸಿದ್ದೇನೆ. ಹೊಸದಕ್ಕೆ ಮುಂದಿನ ಅರಿಶಿನದ ಬೆಳೆ ಬರಬೇಕು. ಅಲ್ಲೀತನಕ ಅವಳು ದಿನಾ ಸಂಜೆ ಖಾಲಿ ರೈಫಲ್ ಎತ್ತಿ, ಗೋಡೆಗೆ ಅಂಟಿಸಿದ ಕಾಗದದ ಗುರಿ ಮುಂದೆ ಉಸಿರು ಹಿಡಿದು ನಿಲ್ಲುತ್ತಾಳೆ.