ಮೈ ತೊಳೆಯುವ ಕೈಗಳು

ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಲೂಸಾದಲ್ಲಿ ಪಾರ್ಟ್ಲೋ ಅನ್ನೋ ಸರ್ಕಾರಿ ಸಂಸ್ಥೆಯಿತ್ತು. ಬೌದ್ಧಿಕ ಅಂಗವಿಕಲರನ್ನು ತಂದು ಅಲ್ಲಿ ತುಂಬುತ್ತಿದ್ದರು. 1970ರ ಸುಮಾರಿಗೆ ಒಳಗಿದ್ದವರು 2,000ಕ್ಕೂ ಹೆಚ್ಚು. ಉಣಿಸುವ, ತೊಳೆಯುವ ಆಯಾಗಳು, ಅಟೆಂಡರುಗಳು ಸಾಲದೆ, ಒಳಗಿದ್ದವರ ಕೈಲೇ ಒಳಗಿದ್ದವರನ್ನು ತೊಳೆಸುತ್ತಿದ್ದರು.

ಅದರ ಫಲ 1974ರ ಮೇಲ್ಮನವಿ ನ್ಯಾಯಾಲಯದ ತೀರ್ಪಿನಲ್ಲೇ ದಾಖಲಾಗಿದೆ. ಒಬ್ಬನ ಮೇಲೆ ಜೊತೆಯವನು ಪೈಪಿನಿಂದ ಕುದಿಯೋ ನೀರು ಬಿಟ್ಟ, ಸತ್ತ. ಇನ್ನೊಬ್ಬನ ಬಾಯಿಗೆ ಸೋಪಿನ ನೀರು ತುರುಕಿದರು, ಅವನೂ ಸತ್ತ. ಮತ್ತೊಬ್ಬ ಕೈ ಚೀಪುತ್ತಾನೆ ಅಂತ ಒಂಬತ್ತು ವರ್ಷ ಕಟ್ಟಿಹಾಕಿದ್ದರು. ಕೈ ಚೀಪದ ಹಾಗೆ ಕಲಿಸಲು ಯಾರಿದ್ದರು ಅಲ್ಲಿ?

ವ್ಯಾಜ್ಯ ಹುಟ್ಟಿದ್ದು ಕೆಲಸ ಕಳಕೊಂಡವರಿಂದ, ಇದನ್ನು ಮರೀಬಾರದು. ಸಿಗರೇಟು ತೆರಿಗೆಯ ಆದಾಯ ಇಳಿಯಿತೆಂದು 1970ರಲ್ಲಿ ಅದೇ ಊರಿನ ಬ್ರೈಸ್ ಮಾನಸಿಕ ಆಸ್ಪತ್ರೆ ಸುಮಾರು 100 ಸಿಬ್ಬಂದಿಯನ್ನು ಮನೆಗೆ ಕಳಿಸಿತು. ಅವರೂ ರೋಗಿಗಳೂ ಸೇರಿ ಕೋರ್ಟಿಗೆ ಹೋದರು. ವಯಾಟ್ ಮೊಕದ್ದಮೆ ಅಂತ ಅದರ ಹೆಸರು. ಮುಂದೆ ಪಾರ್ಟ್ಲೋವನ್ನೂ ಸೇರಿಸಿದರು. ನ್ಯಾಯಾಧೀಶ ಫ್ರಾಂಕ್ ಜಾನ್ಸನ್. 1956ರಲ್ಲಿ ಮಾಂಟ್ಗೊಮೆರಿ ಬಸ್ಸುಗಳಲ್ಲಿ ಕರಿಯರನ್ನು ಬೇರೆ ಕೂರಿಸುವುದು ತಪ್ಪೆಂದ ಪೀಠದಲ್ಲಿ ಕೂತಿದ್ದವರು ಇವರೇ.

1972ರ ಮಾರ್ಚಿನಲ್ಲಿ ಜಾನ್ಸನ್ ಮೊದಲು ಕೇಳಿದ್ದು ದೊಡ್ಡ ತಜ್ಞರನ್ನಲ್ಲ. 30 ದಿನದೊಳಗೆ 300 ಆರೈಕೆ ಕೆಲಸಗಾರರನ್ನು ನೇಮಿಸಿ ಎಂದರು. ಏಪ್ರಿಲ್ ಆದೇಶ ಇನ್ನೂ ಮುಂದೆ ಹೋಯಿತು: ಪ್ರತಿಯೊಬ್ಬ ನಿವಾಸಿಗೂ ಅವನದೇ ಕಲಿಕೆಯ ಯೋಜನೆ ಬೇಕು, ಹೊಸ ಕೆಲಸಗಾರರಿಗೆ ಆರಂಭದ ತರಬೇತಿ ಕೊಡಬೇಕು, ಎಲ್ಲ ಮಟ್ಟದ ಸಿಬ್ಬಂದಿಗೂ ತರಬೇತಿ ನಿಯಮಿತವಾಗಿ ನಡೀಬೇಕು. ದುಡ್ಡಿಲ್ಲ ಅನ್ನೋದು ನೆಪವಾಗಕೂಡದು.

ಯಾಕೆ ಆಯಾಗೆ ತರಬೇತಿ? ತಜ್ಞ ಬಂದು ಯೋಜನೆ ಬರೆದು ಹೋಗುತ್ತಾನೆ. ದಿನಕ್ಕೆ ಹತ್ತು ಸಲ ಆ ಮೈ ಮುಟ್ಟುವವಳು ಆಯಾ. ಅಂಗಿ ಹಾಕುವುದನ್ನೇ ನೋಡಿ. ತರಬೇತಿಯಿಲ್ಲದಿದ್ದರೆ ಎರಡು ನಿಮಿಷದಲ್ಲಿ ತಾನೇ ತೊಡಿಸಿ ಮುಂದಿನ ಮಂಚಕ್ಕೆ ಓಡುತ್ತಾಳೆ, ಪಾಪ, ಓಡದೆ ಗತಿಯಿಲ್ಲ. ಕಲಿತವಳು ತಲೆ, ತೋಳು ತೂರಿಸಿ, ಎದೆಯ ತನಕ ಇಳಿಸಿ, ಕೊನೆಯ ಗೇಣು ಅವನಿಗೇ ಬಿಡುತ್ತಾಳೆ. ಅವನು ಎಳಕೊಂಡರೆ ಶಹಭಾಸ್ ಅಂತಾಳೆ. ಅದು ಬಂದಮೇಲೆ ಒಂದು ತೋಳನ್ನೂ ಬಿಡುತ್ತಾಳೆ. ಹೀಗೆ ಹಿಂದಿನಿಂದ ಮುಂದಕ್ಕೆ, ವಾರಗಟ್ಟಲೆ. ಚಿಕಿತ್ಸೆ ಅಂದರೆ ಇದೇ. ಒಬ್ಬಳ ಪಾಲಿಗೆ ಮೂವತ್ತು ಜನ ಬಂದರೆ ಎಂಥ ತರಬೇತಿಯೂ ಕೈಗೆ ಬರೋದಿಲ್ಲ. 300ರ ಲೆಕ್ಕಕ್ಕೂ ತರಬೇತಿಯ ಮಾತಿಗೂ ಇರುವ ನಂಟು ಇದು.

ಗವರ್ನರ್ ಜಾರ್ಜ್ ವಾಲೇಸ್ ಮೇಲ್ಮನವಿ ಹೋದರು, 1974ರಲ್ಲಿ ಸೋತರು. ಮೊಕದ್ದಮೆ ಮುಗಿಯುವಾಗ 2003. ಪಾರ್ಟ್ಲೋ ಬಾಗಿಲು ಹಾಕಿದ್ದು 2011ರಲ್ಲಿ.